ಬಿಚ್ಚುವ ಹೊತ್ತು

ಮನೆಯಿಂದ, ಹೊಲಿಗೆ ಮೇಜಿನ ಮೇಲೆ ಬರೆದದ್ದು
ಜೂನ್ ಏಳು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪ? ಕೆಮ್ಮು ಹೋಯಿತೋ ಇನ್ನೂ ಇದೆಯೋ? ಸುರಂಗದ ಧೂಳು ಎದೆಯಲ್ಲಿ ಕೂತುಬಿಡುತ್ತದೆ ಎಂದು ಯಾರೋ ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ನಾನು ಹೊಲಿದು ಕಳಿಸಿದ ಮುಖಪಟ್ಟಿ ಹಾಕಿಕೊಳ್ಳುತ್ತೀಯಾ, ಇಲ್ಲ ಗೆಳೆಯರು ನಗುತ್ತಾರೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೀಯಾ? ನಗಲಿ ಬಿಡು. ಹೆಲ್ಮೆಟ್ಟಿನ ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಿ ಕಟ್ಟಿಕೋ. ನನ್ನ ಮಂಡಿ ಮೊದಲಿನ ಹಾಗೇ ಇದೆ, ಅದರ ಬಗ್ಗೆ ಯೋಚನೆ ಮಾಡಬೇಡ. ಫೋನಿನಲ್ಲಿ ಹೇಳುವುದು ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀಯ. ಇರುವುದು ಎರಡು ಕೋಣೆ, ಪಿಸುಗುಟ್ಟಿದರೂ ನಿನ್ನ ಹೆಂಡತಿಗೆ ಕೇಳಿಸುತ್ತದೆ. ಅವಳಿಗೆ ಕೇಳಿಸಬಾರದ ವಿಷಯ ಇದು. ಹೆದರಬೇಡ, ಕೆಟ್ಟದ್ದಲ್ಲ. ನನ್ನ ಬರವಣಿಗೆ ನಿನಗೆ ಗೊತ್ತೇ ಇದೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ಅವಳು ಎಂಬಿಎ ಪ್ರವೇಶ ಪರೀಕ್ಷೆಗೆ ಓದುತ್ತಿರುವುದು ನಿನಗೆ ಗೊತ್ತು. ಹೇಗೆ ಓದುತ್ತಿದ್ದಾಳೆ ಎನ್ನುವುದು ಗೊತ್ತಿಲ್ಲ. ವ್ಯಾಪಾರ ಕಲಿಸುವುದಕ್ಕೂ ಒಂದು ಕಾಲೇಜೇ ಎಂದು ಮೊದಲು ನನಗೆ ನಗು ಬಂದಿತ್ತು. ಬೀದಿ ತುದಿಯ ತರಕಾರಿಯವಳು ಯಾವ ಕಾಲೇಜಿಗೆ ಹೋಗಿ ನನ್ನನ್ನು ಇಷ್ಟು ವರ್ಷ ಏಮಾರಿಸಿದಳು ಎಂದು ಕೇಳಿದ್ದೆ. ಅವಳು ನಕ್ಕಳು, ಆಮೇಲೆ ಒಂದು ಮಾತು ಹೇಳಿದಳು. ಆ ಔಷಧಿ ಗೋದಾಮಿನಲ್ಲಿ ಯಾವ ಲಾರಿಗೆ ಯಾವ ಪೆಟ್ಟಿಗೆ ಎಂದು ಎಂಟು ವರ್ಷದಿಂದ ನೋಡಿಕೊಳ್ಳುತ್ತಿರುವವಳು ಅವಳು. ಆದರೆ ಮೇಲಿನ ಕುರ್ಚಿಗೆ ಆ ಡಿಗ್ರಿ ಇದ್ದವರು ಹೊರಗಿನಿಂದ ಬಂದು ಕೂರುತ್ತಾರೆ. "ಇಬ್ಬರು ಸಾಹೇಬರಿಗೆ ಕೆಲಸ ಕಲಿಸಿದ್ದೀನಿ ಅತ್ತೆ, ಮೂರನೆಯವರಿಗೆ ಕಲಿಸೋಕೆ ನನ್ನಿಂದ ಆಗಲ್ಲ." ಈ ವರ್ಷ ಸೀಟು ಸಿಕ್ಕಿದರೆ ಕಂಪನಿಯೇ ಓದಲು ಎರಡು ವರ್ಷ ಕೆಲಸದಿಂದ ಬಿಡುವು ಕೊಡುತ್ತದಂತೆ. ಒಬ್ಬರಿಗೆ ಮಾತ್ರ, ಈ ವರ್ಷ ಮಾತ್ರ. ಅಂದಿನಿಂದ ನಾನು ನಕ್ಕಿಲ್ಲ.

ಏಪ್ರಿಲ್‌ನಲ್ಲಿ ಪುಸ್ತಕ ತಂದಳು. ಅದನ್ನು ತೆರೆಯುವ ಮೊದಲೇ, ಒಂದು ಪುಟ ಓದದೆ, ಗಡಿಯಾರ ಎದುರಿಗಿಟ್ಟುಕೊಂಡು ಮಾದರಿ ಪರೀಕ್ಷೆ ಬರೆಯಲು ಕೂತಳು. ನನಗೆ ಗಾಬರಿ. ಓದುವ ಮೊದಲೇ ಪರೀಕ್ಷೆ ಬರೆಯುವವರನ್ನು ಎಲ್ಲಾದರೂ ಕಂಡಿದ್ದೀಯಾ? ನೂರಕ್ಕೆ ನಲವತ್ತೆಂಟು ಬಂತು. ಅಯ್ಯೋ ಎಂದೆ. ಅವಳು ಮಾತ್ರ ಸಂತೋಷದಿಂದ, "ಅಳತೆ ತಗೊಳ್ಳದೆ ನೀವು ಬಟ್ಟೆ ಕತ್ತರಿಸ್ತೀರಾ?" ಎಂದಳು. ಬೇಕಾಗಿರುವುದು ಎಪ್ಪತ್ತೆಂಟು. ನಡುವೆ ಮೂವತ್ತು. ಒಂದು ಅಂಕ ಏರಲು ಹತ್ತು ಗಂಟೆ ಎಂದು ಹಿಡಿದರೆ ಮುನ್ನೂರು ಗಂಟೆ. ದಿನಕ್ಕೆ ಎರಡರಂತೆ ನೂರೈವತ್ತು ದಿನ. ನನ್ನ ಖಾಕಿ ಕಾಗದದ ಸುರುಳಿಯಿಂದ ಒಂದು ತುಂಡು ಕೇಳಿ ತೆಗೆದುಕೊಂಡು, ಗಂಟೆಗೊಂದು ಚೌಕ ಎಳೆದು, ಕತ್ತರಿಸುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿದಳು. ಓದಿದ ಗಂಟೆಗೆ ನನ್ನ ಸೀಮೆಸುಣ್ಣದಲ್ಲೇ ಒಂದು ಗೀಟು. ಮಗಾ, ಜ್ವರ, ನೆಂಟರು, ಗೋದಾಮಿನ ಹೆಚ್ಚಿನ ಪಾಳಿ ಎಂದು ಹನ್ನೊಂದು ದಿನವನ್ನು ಮೊದಲೇ ಖಾಲಿ ಬಿಟ್ಟಿದ್ದಾಳೆ. ಇನ್ನೂ ಬಾರದ ಜ್ವರಕ್ಕೆ ಜಾಗ ಇಟ್ಟವಳನ್ನು ನಾನು ಇದೇ ಮೊದಲು ನೋಡುತ್ತಿರುವುದು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟೆ, ಎರಡು ವರ್ಷ ಬಿಟ್ಟು ಮತ್ತೆ ಸೇರಿ ಚಿಕ್ಕ ಮಕ್ಕಳ ಜೊತೆ ಕೂತೆ, ನಾಚಿಕೆಯಾಗಿ ಮತ್ತೆ ಬಿಟ್ಟೆ. ಓದು ಓದು ಎಂದು ಎಲ್ಲರೂ ಬೈದರು. ಎಷ್ಟು ಹೊತ್ತು ಎಂದು ಒಬ್ಬರೂ ಹೇಳಲಿಲ್ಲ. ಓದು ಎನ್ನುವುದು ತಲೆ ಇದ್ದವರಿಗೆ ಬರುತ್ತದೆ, ನನಗಿಲ್ಲ ಎಂದು ಐವತ್ತು ವರ್ಷ ನಂಬಿಕೊಂಡು ಬಂದೆ. ಅದನ್ನೂ ಬಟ್ಟೆಯ ಹಾಗೆ ಅಳೆದು ಹರಡಬಹುದು ಎಂದು ಈ ಹುಡುಗಿಯ ಗೋಡೆ ನೋಡಿ ತಿಳಿಯಿತು. ಅವಳು ಕೆಲಸಕ್ಕೆ ಹೋದ ಮೇಲೆ ಒಂದು ದಿನ ಟೇಪು ಹಿಡಿದು ಆ ಕಾಗದವನ್ನು ಅಳೆದೆ. ನನಗಿಂತ ಒಂದು ಗೇಣು ಉದ್ದವಿದೆ.

ಆರು ವಾರ ಆದ ಮೇಲೆ ಎರಡನೇ ಮಾದರಿ ಪರೀಕ್ಷೆ ಬರೆದಳು. ಐವತ್ತೊಂದು. ಎಂಬತ್ತು ಗೀಟಿಗೆ ಮೂರೇ ಅಂಕ. ಅವಳು ಅಳಲಿಲ್ಲ, ಊಟವನ್ನೂ ಮಾಡಲಿಲ್ಲ, ಗೋಡೆಯನ್ನೇ ನೋಡುತ್ತ ಕೂತಳು. ಬೆಳಿಗ್ಗೆ ಅವಳು ಓದುವಾಗ ನಾನು ಯಂತ್ರ ತುಳಿಯುವುದರಿಂದಲೇ ಹೀಗಾಯಿತು ಎಂದುಕೊಂಡೆ. ಎರಡು ದಿನ ಯಂತ್ರ ಮುಟ್ಟಲಿಲ್ಲ. ಮೂರನೇ ದಿನ ಅವಳೇ ಬಂದು, ಆ ಸದ್ದು ಇಲ್ಲದಿದ್ದರೆ ನಿದ್ದೆ ಬರುತ್ತದೆ, ಹೊಲಿಯಿರಿ ಎಂದಳು. ಹೊಲಿಯಲು ಕೂತೆ. ಗಮನವೆಲ್ಲ ಅವಳ ಕಡೆ ಇದ್ದು ರವಿಕೆಯ ತೋಳು ತಿರುಗುಮುರುಗಾಗಿ ಸೇರಿತು. ಬಿಚ್ಚುತ್ತ ಕೂತಾಗ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ: "ಬಿಚ್ಚೋಕೆ ಎಷ್ಟು ಗಂಟೆ ಇಟ್ಟಿದ್ದೀಯಮ್ಮ?"

ನಿನಗೆ ಗೊತ್ತಲ್ಲ, ನನಗೆ ಕೆಲಸ ಕಲಿಸಿದ ಟೈಲರ್ ಮಾಸ್ಟರ್ ಹೇಳಿಕೊಟ್ಟ ಕ್ರಮ ಅದು. ನಾಲ್ಕು ದಿನದ ಹೊಲಿಗೆಗೆ ಐದು ದಿನ ಕೇಳಬೇಕು, ಐದನೆಯದು ಬಿಚ್ಚಿ ಹೊಲಿಯುವುದಕ್ಕೆ. ನಾನು ಬಿಚ್ಚುವುದೇ ಇಲ್ಲ ಎನ್ನುವ ಟೈಲರನ್ನು ನಂಬಬಾರದು ಎನ್ನುತ್ತಿದ್ದರು. ಇವಳ ಗೋಡೆಯಲ್ಲಿ ಹೊಸದು ಓದುವುದಕ್ಕೆ ಚೌಕ ಇತ್ತು, ತಪ್ಪಿದ್ದನ್ನು ಬಿಚ್ಚಿ ನೋಡುವುದಕ್ಕೆ ಒಂದೂ ಇರಲಿಲ್ಲ. ಅವಳು ಗೋಡೆಯ ಹತ್ತಿರ ಹೋಗಿ ಚೌಕಗಳನ್ನು ಮತ್ತೆ ಎಣಿಸಿ ಬಂದು, "ಇಷ್ಟು ದಿನ ಎಲ್ಲಿದ್ರಿ ಅತ್ತೆ?" ಎಂದಳು. ಇದೇ ಮೇಜಿನ ಹಿಂದೆ ಇದ್ದೆನಲ್ಲಮ್ಮ ಎಂದೆ.

ಈಗ ನೋಡಬೇಕು ನೀನು. ತಪ್ಪಾದ ಒಂದೊಂದು ಲೆಕ್ಕವನ್ನೂ ನಾನು ಹೊಲಿಗೆ ಬಿಚ್ಚುವ ಹಾಗೇ, ಬಟ್ಟೆ ಹರಿಯದಂತೆ, ಎಳೆ ಎಳೆಯಾಗಿ ಬಿಚ್ಚುತ್ತಾಳೆ. ಪಕ್ಕದಲ್ಲಿ ಯಾಕೆ ತಪ್ಪಿತು ಎಂದು ಬರೆಯುತ್ತಾಳೆ. ಹೆಚ್ಚಿನ ಕಡೆ ಒಂದೇ ಮಾತು, "ಅವಸರ". ಅದನ್ನು ಓದಿ ನನಗೆ ನನ್ನದೇ ಪಾಠಪುಸ್ತಕ ತೆರೆದ ಹಾಗಾಯಿತು. ನಿನ್ನೆ ಮೂರನೇ ಸಲ ಬರೆದಳು. ಐವತ್ತೊಂಬತ್ತು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ, ಕೈಯಿಂದ ಜಾರಿತು. ಅವಳು ಮಾತ್ರ ಏನೂ ಆಗದವಳ ಹಾಗೆ ಇನ್ನೂ ಹತ್ತೊಂಬತ್ತು ಎಂದು ಬರೆದು ಪಾತ್ರೆ ತೊಳೆಯಲು ಹೋದಳು. ಇಂಥವಳು ನಮ್ಮ ಮನೆಯ ನಲ್ಲಿಯ ಕೆಳಗೆ ಪಾತ್ರೆ ತೊಳೆಯುತ್ತಿದ್ದಾಳಲ್ಲ ಎಂದು ನೋಡುತ್ತ ನಿಂತುಬಿಟ್ಟೆ. ಇಂದಿನಿಂದ ಪಾತ್ರೆ ನನ್ನದು. ಅವಳು ಜಗಳ ಮಾಡಿದಳು, ನಾನು ಕೇಳಲಿಲ್ಲ.

ದೀಪದ ಬೆಳಕು ಕಮ್ಮಿ ಇರುವ ಕಡೆ ನಡೆಯಬೇಡ. ಹೊಟ್ಟೆ ತುಂಬ ಊಟ ಮಾಡು. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಒಳ್ಳೆಯದಾಗಲಿ, ನೀನು ಕೊರೆಯುವ ಕಲ್ಲು ನಿನಗೆ ಮೆತ್ತಗಾಗಲಿ.

ನಿನ್ನ ಅಮ್ಮ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಮಾಸ್ಟರ್ ಲೆಕ್ಕದಂತೆ ನಾಲ್ಕಕ್ಕೆ ಒಂದು ಎಂದರೆ, ಮುನ್ನೂರು ಗಂಟೆಯ ಓದಿಗೆ ಬಿಚ್ಚುವುದಕ್ಕೆ ಇನ್ನೂ ಎಪ್ಪತ್ತೈದು ಗಂಟೆ ಬೇಕು. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಹುಡುಕಿ ಮೂವತ್ತೈದು ಸೇರಿಸಿದ್ದಾಳೆ. ನಲವತ್ತು ಎಲ್ಲೂ ಸಿಗುತ್ತಿಲ್ಲ. ಗೋಡೆಯಲ್ಲಿ ಸೆಪ್ಟೆಂಬರಿನ ಇಪ್ಪತ್ತು ದಿನ ಖಾಲಿ ಬಿಟ್ಟಿದ್ದಾಳೆ, ದಿನಕ್ಕೆ ಎರಡರಂತೆ ಸರಿಯಾಗಿ ನಲವತ್ತು. ಅದು ನಿನ್ನ ರಜೆ. ಇಲ್ಲಿ ಓದಬಹುದಲ್ಲ ಎಂದು ತೋರಿಸಿದರೆ, ಅದನ್ನು ಮುಟ್ಟಬೇಡಿ ಅತ್ತೆ ಎಂದುಬಿಟ್ಟಳು. ಪರೀಕ್ಷೆ ಅಕ್ಟೋಬರ್ ಹನ್ನೊಂದಕ್ಕೆ. ರಜೆಯನ್ನು ಅದರ ಮಾರನೇ ದಿನದಿಂದ ಹಾಕಿಸಿಕೋ. ಸೆಪ್ಟೆಂಬರಿನಲ್ಲಿ ಕೆಲಸ ಬಿಟ್ಟು ಬರುವ ಹಾಗಿಲ್ಲ ಎಂದು ಅವಳಿಗೆ ನೀನೇ ಹೇಳು, ನನ್ನ ಹೆಸರು ಎತ್ತಬೇಡ. ಸುಳ್ಳು ಹೇಳಿಸುತ್ತಿದ್ದೇನೆ, ತಪ್ಪು ನನಗಿರಲಿ. ನಿನ್ನ ಮುಖ ನೋಡಿ ನನಗೂ ಹದಿನಾಲ್ಕು ತಿಂಗಳಾಯಿತು. ಆದರೂ ಆ ನಲವತ್ತು ಚೌಕಕ್ಕೆ ಗೀಟು ಬೀಳುವುದನ್ನು ನಾನು ನೋಡಬೇಕು. ಸೀಮೆಸುಣ್ಣ ಹೊಸದು ತಂದಿಟ್ಟಿದ್ದೇನೆ.