ಅಮ್ಮ ನೋಡಿದ ತಿಮಿಂಗಿಲ

ದ್ವೀಪದ ವಸತಿಗೃಹ, ಮಹಡಿಯ ಕೋಣೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಆ ಹಳೆಯ ಬೆನ್ನುನೋವು ಈಗ ಹೇಗಿದೆ? ಅತ್ತಿಗೆ, ಮಗು ಆರಾಮವೇ? ಮಗು ಹುಟ್ಟಿದ್ದು ಚಿಕ್ಕಪ್ಪನಿಂದ ತಿಳಿಯಿತು. ಫೋಟೋ ಕೂಡ ನೋಡಿಲ್ಲದ ಅತ್ತೆ ನಾನು, ಊಹೆಯಲ್ಲೇ ಮುದ್ದಾಡುತ್ತಿದ್ದೇನೆ. ನನ್ನ ನಂಬರ್ ಕಂಡರೆ ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಮ್ಮ ದೋಣಿಯವರು ಸಂಜೆ ನಿನ್ನ ಊರಿನ ಬಂದರಿಗೆ ಹೊರಟಿದ್ದಾರೆ, ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಹರಿದು ಹಾಕುವುದಿದ್ದರೂ ಪೂರ್ತಿ ಓದಿ ಹರಿ.

ಅಮ್ಮನನ್ನು ಕರೆದುಕೊಂಡು ತಿಮಿಂಗಿಲ ನೋಡಲು ಬಂದಿದ್ದೇನೆ ಎಂದರೆ ನಗುತ್ತೀಯ. ಹಲ್ಲಿ ಕಂಡರೆ ಮಂಚ ಹತ್ತುವ ನಮ್ಮ ಅಮ್ಮ! ಆದರೆ ದೃಷ್ಟಿ ಹೆಚ್ಚು ಕಾಲ ಉಳಿಯುವುದಿಲ್ಲವೆಂದು ಕಣ್ಣಿನ ಡಾಕ್ಟರು ಹೇಳಿದ ದಿನವೇ ಅವಳು ಹಟ ಹಿಡಿದಳು. "ಕಣ್ಣಿರೋವಾಗ್ಲೇ ಆ ದ್ವೀಪ ತೋರ್ಸೇ, ಇನ್ನೇನೂ ಕೇಳಲ್ಲ" ಎಂದಳು. ಬಂದೆವು. ಬಂಡೆಗಳ ಮೇಲೆ ಸೀಲ್‌ಗಳು ಮದುವೆ ಊಟ ಮುಗಿಸಿದ ನೆಂಟರ ಹಾಗೆ ಹೊಟ್ಟೆ ಬಿಟ್ಟುಕೊಂಡು ಬಿದ್ದಿದ್ದವು. ನಾನು ಬೊಟ್ಟು ಮಾಡಿದ್ದಕ್ಕೆಲ್ಲ ಅಮ್ಮ "ಅಬ್ಬಬ್ಬಾ" ಎನ್ನುತ್ತಿದ್ದಳು, ನಾನು ಹಿಗ್ಗುತ್ತಿದ್ದೆ.

ಇವತ್ತು ಬೆಳಗ್ಗೆ ಕೊನೆಯ ಸುತ್ತು. ಸಮುದ್ರ ತಣ್ಣಗಿತ್ತು. ಇದ್ದಕ್ಕಿದ್ದಂತೆ ದೋಣಿಯವರು "ಬಲಗಡೆ, ಬಲಗಡೆ!" ಎಂದು ಕೂಗಿದರು. ಎಲ್ಲರೂ ಅತ್ತ ನುಗ್ಗಿದರು. ಕಪ್ಪು ಬೆನ್ನೊಂದು ನೀರು ಸೀಳಿಕೊಂಡು ಮೇಲೆದ್ದಿತು ಅಣ್ಣಾ. ಅಮ್ಮನನ್ನು ಹಿಡಿದುಕೊಳ್ಳೋಣವೆಂದು ತಿರುಗಿದೆ. ಅವಳು ಒಬ್ಬಳೇ ಎಡಗಡೆ ಕೂತು, ಖಾಲಿ ನೀರಿನ ಕಡೆ ಮುಖ ಮಾಡಿ ಚಪ್ಪಾಳೆ ತಟ್ಟುತ್ತಿದ್ದಳು. "ಎಷ್ಟು ದೊಡ್ಡದಿದೆ ಕಣೇ!" ಎಂದಳು.

ಕೋಣೆಗೆ ಬಂದ ಮೇಲೆ ಬಾಗಿಲು ಹಾಕಿ ಕೇಳಿದೆ. ಮೊದಲು ರೇಗಿದಳು, ಆಮೇಲೆ ಮಂಚದ ಮೇಲೆ ಕುಸಿದು ಕೂತಳು. ಬಲಗಣ್ಣು ಹೊರಡುವ ಮುಂಚೆಯೇ ಪೂರ್ತಿ ಹೋಗಿತ್ತಂತೆ. ಎಡಗಣ್ಣಿನಲ್ಲಿ ಒಂದಿಷ್ಟು ಬೆಳಕು, ತೀರಾ ಹತ್ತಿರ ಬಂದರೆ ಏನೋ ಒಂದು ಆಕಾರ, ಅಷ್ಟೇ. "ಮತ್ತೆ ಯಾಕಮ್ಮ ಇಲ್ಲಿಗೆ ಬಂದೆ?" ಎಂದು ಕಿರುಚಿಬಿಟ್ಟೆ. ಅವಳು ಸೆರಗಿನ ತುದಿ ಹೊಸೆಯುತ್ತಾ, "ಇಲ್ಲಿಂದ ಅವನೂರಿಗೆ ಹಡಗಿದೆಯಂತಲ್ಲ. ನೇರ ಅಲ್ಲಿಗೇ ಅಂದಿದ್ರೆ ನೀನು ಹೊರಡ್ತಿದ್ಯಾ? ನಿನಗೂ ಅವನ ಮೇಲೆ ಕೋಪ" ಎಂದಳು. ತಿಮಿಂಗಿಲ ಅವಳಿಗೆ ಬೇಕೇ ಇರಲಿಲ್ಲ ಅಣ್ಣಾ. ನೀನು ಅತ್ತಿಗೆಯನ್ನು ಕರೆತಂದ ದಿನ ಬಾಗಿಲಲ್ಲಿ ನಿಂತು ತಾನು ಆಡಿದ ಮಾತು ಅವಳನ್ನು ತಿನ್ನುತ್ತಿದೆ. "ಅವನ ಮುಖ ನೋಡಲ್ಲ ಅಂದೋಳು ನಾನೇ ಅಲ್ವಾ, ನನ್ನ ಬಾಯಿಗಿಷ್ಟು ಬೆಂಕಿ ಹಾಕ" ಎಂದು ಅತ್ತಳು.

ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ಕೂಡಲೇ ಕರೆತಂದರೆ ಎಡಗಣ್ಣಿಗೆ ಆಪರೇಷನ್ ಮಾಡಿ ನೋಡುತ್ತಾರಂತೆ. ಉಳಿದರೆ ಉಳಿಯಬಹುದು, ಇಲ್ಲದಿದ್ದರೆ ಇರುವ ಬೆಳಕೂ ಹೋಗಬಹುದು. ಅಮ್ಮ ಒಂದೇ ಮಾತು ಹಿಡಿದಿದ್ದಾಳೆ, "ಮೊದಲು ಅವನನ್ನ ನೋಡ್ತೀನಿ." ಕಟ್ಟಿದ ಪೆಟ್ಟಿಗೆಗಳು ಬಾಗಿಲ ಬಳಿ ನಿಂತಿವೆ. ಮನೆಗೆ ಹೋಗಲೋ, ನಿನ್ನಲ್ಲಿಗೆ ಬರಲೋ? ತಡವಾದರೆ ಕಣ್ಣು ಹೋಗುತ್ತದೆ, ನಿನ್ನಲ್ಲಿಗೆ ಬರದಿದ್ದರೆ ಅವಳ ಜೀವವೇ ಹೋಗುವ ಹಾಗಿದೆ. ಕೇಳಲು ನನಗೆ ಯಾರಿದ್ದಾರೆ ಹೇಳು? ತಲೆ ಕೆಟ್ಟುಹೋಗಿದೆ.

ಅತ್ತಿಗೆಗೆ ನನ್ನ ನಮಸ್ಕಾರ, ಮಗುವಿಗೆ ಮುತ್ತು. ಅಮ್ಮ ಪಕ್ಕದಲ್ಲೇ ಕೂತು, ನಿಮ್ಮ ಮೂವರಿಗೂ ಆಶೀರ್ವಾದ ಬರೆಯಲು ಹೇಳುತ್ತಿದ್ದಾಳೆ. ಮೂವರಿಗೂ ಎಂದು ಒತ್ತಿ ಹೇಳುತ್ತಿದ್ದಾಳೆ.

ನಿನ್ನ ತಂಗಿ,
ಪುಟ್ಟಿ

ಮರೆತ ಮಾತು: ದೋಣಿಯವರು ಕೆಳಗೆ ಕರೆಯುತ್ತಿದ್ದಾರೆ. ಈಗಷ್ಟೇ ಓಡಿಹೋಗಿ ಟಿಕೆಟ್ ಬದಲಾಯಿಸಿ ಬಂದೆ. ಮಂಗಳವಾರ ಬೆಳಗಿನ ಹಡಗಿಗೆ ನಿನ್ನ ಊರಿಗೆ ಬರುತ್ತಿದ್ದೇವೆ. ನೀನು ಬಂದರಿಗೆ ಬರದಿದ್ದರೆ ಅಮ್ಮನ ಮುಂದೆ ಯಾರನ್ನಾದರೂ ನಿಲ್ಲಿಸಿ ಇವನೇ ನಿನ್ನ ಮಗ ಎನ್ನೋಣ ಎಂದು ಕೂಡ ಯೋಚಿಸಿದೆ. ಮುಟ್ಟಿದರೆ ಗೊತ್ತಾಗಿಬಿಡುತ್ತದೆ ಅವಳಿಗೆ. ದಮ್ಮಯ್ಯ, ಬಾ ಅಣ್ಣಾ. ದೂರ ನಿಂತು ಕೈ ಬೀಸಬೇಡ, ಕಾಣುವುದಿಲ್ಲ. ಅವಳ ಎಡಗಡೆಗೆ ಬಾ, ಬೆಳಕಿಗೆ ಮುಖ ಮಾಡು, ಬಗ್ಗು. ಅವಳು ಸಾಕು ಎನ್ನುವವರೆಗೂ ಅಲುಗಾಡಬೇಡ.