ಎಡಗಾಲಿನ ಚಪ್ಪಲಿ

ಮಾರ್ಚ್ ೧೧, ಮಂಗಳವಾರ

ನನ್ನ ಚಿನಕುರುಳಿಗೆ, ಅಪ್ಪನ ಪ್ರೀತಿ.

ಒಂಬತ್ತು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಕ್ಷಮಿಸು ಮಗಳೇ. ಮೂರು ಸಲ ಬರೆದು ಹರಿದು ಹಾಕಿದೆ. "ರದ್ದಿ ಸಾಕು, ವಿಷಯ ಬರೀರಿ" ಅಂತ ನಿಮ್ಮಮ್ಮ ಗದರಿದಳು. ಅವಳ ಮಂಡಿನೋವು ಈಗ ಕಮ್ಮಿ. ಪಕ್ಕದ ಮನೆಯವರನ್ನೂ ಎಳಕೊಂಡು ಹೋಗಿ ನಿನ್ನ ಸಿನಿಮಾ ಇನ್ನೊಂದು ಸಲ ನೋಡಿ ಬಂದಳು.

ನಾನು ಅರ್ಧದಲ್ಲೇ ಎದ್ದುಹೋದದ್ದಕ್ಕೆ, ಸಿನಿಮಾ ಹಿಡಿಸಲಿಲ್ಲ ಅಂದುಕೊಂಡೆಯಂತೆ. ಅಯ್ಯೋ, ಹಾಗಲ್ಲ! ಕಳ್ಳರು ಬ್ಯಾಂಕಿನ ಗಡಿಯಾರವನ್ನು ಹತ್ತು ನಿಮಿಷ ಹಿಂದಿಟ್ಟು ಎಲ್ಲರನ್ನೂ ಯಾಮಾರಿಸ್ತಾರಲ್ಲ, ಭಲೇ ತಲೆ! ಆ ಮುಖ್ಯ ಕಳ್ಳ ಒಂದು ಸಲವೂ ಕಿರುಚಲ್ಲ, "ದಯವಿಟ್ಟು" ಅಂತಲೇ ಪಿಸ್ತೂಲು ತೋರಿಸ್ತಾನೆ. ಮ್ಯಾನೇಜರ್ ಮಾತ್ರ ಸ್ಟ್ರಾಂಗ್ ರೂಮನ್ನು ಒಂದೇ ಕೀಲಿಯಲ್ಲಿ ತೆಗೀತಾನೆ. ಇನ್ನೊಂದು ಕೀಲಿ ಕ್ಯಾಷಿಯರ್ ಹತ್ತಿರ ಇರುತ್ತೆ ಅಂತ ನಿನಗೆ ಎಷ್ಟು ಬಡಕೊಂಡಿದ್ದೆ!

ನಿನ್ನ ಕ್ಯಾಷಿಯರ್ ಪಾತ್ರದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ರಬ್ಬರ್ ಬ್ಯಾಂಡ್ ಮಣಿಕಟ್ಟಿಗೆ ಹಾಕಿಕೊಳ್ಳೋದು, ನೋಟು ಎಣಿಸೋಕೆ ಒದ್ದೆ ಸ್ಪಂಜಿಗೆ ಬೆರಳೊತ್ತೋದು, ಎಲ್ಲ ನಾನು ಅಡುಗೆಮನೆ ಮೇಜಿನ ಮುಂದೆ ಕೂರಿಸಿ ಕಲಿಸಿದ್ದು. ಆಮೇಲೆ ಆ ದೃಶ್ಯ. ಮುಖ ಕಳ್ಳನ ಕಡೆಗೇ ಇದೆ, ರೆಪ್ಪೆ ಮಿಟುಕಿಲ್ಲ. ಕೆಳಗೆ ಎಡಗಾಲು ಮೆಲ್ಲಗೆ ಚಪ್ಪಲಿ ಬಿಟ್ಟು, ಬರಿ ಬೆರಳಲ್ಲಿ ಅಲಾರಂ ಬಟನ್ ಹುಡುಕುತ್ತೆ. ಗಂಟೆ ಹೊಡೆದಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನಿಮ್ಮಮ್ಮ ನನ್ನ ಕೈ ಹಿಡಿದು "ಅದು ನೀವೇ ಕಣ್ರೀ" ಅಂದಳು. ನನಗೆ ಅಲ್ಲಿ ಕೂರೋಕಾಗಲಿಲ್ಲ.

ನಮ್ಮ ಹಳೇ ಬ್ಯಾಂಕಿನ ಟೈಪಿಸ್ಟ್ ಆಂಟಿ ಮೊನ್ನೆ ಫೋನ್ ಮಾಡಿದ್ದರು. ನಿನ್ನನ್ನು ಬಾಯ್ತುಂಬ ಹೊಗಳಿದರು.

ಭಾನುವಾರ ಪ್ರಶಸ್ತಿ ತಗೊಳ್ಳುವಾಗ ನನ್ನನ್ನೂ ವೇದಿಕೆಗೆ ಕರೆದು, "ಆವತ್ತು ಬ್ಯಾಂಕಿನಲ್ಲಿ ಬಟನ್ ಒತ್ತಿದವರು ಇವರೇ" ಅಂತೀಯಂತೆ. ಬೇಡ ಮಗಳೇ, ಕೈ ಮುಗೀತೀನಿ. ನಾನು ಬರೋದಿಲ್ಲ. ಯಾಕೆ ಅಂತ ಬರೆಯೋಕೇ ಕೂತವನು, ಪುಟ ಮುಗೀತಾ ಬಂದರೂ ಕಳ್ಳರ ಅಭಿನಯ ಹೊಗಳ್ತಾ ಇದ್ದೇನೆ. ನಾಚಿಕೆಗೆಟ್ಟವನು ನಾನು.

ನೂರು ಕಾಲ ಚೆನ್ನಾಗಿ ಬಾಳು. ಶೂಟಿಂಗ್ ಅಂತ ಊಟ ಬಿಡಬೇಡ.

ನಿನ್ನ ಅಪ್ಪ

ಕೊನೆಗೆ ಒಂದು ಮಾತು. ಮರೆತದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಬಟನ್ ಒತ್ತಿದ್ದು ನಾನಲ್ಲ. ಅದು ಇದ್ದದ್ದು ನನ್ನ ಕಾಲಬುಡದಲ್ಲೇ, ಆದರೆ ನನ್ನ ಕಾಲು ಮರಗಟ್ಟಿಹೋಗಿತ್ತು. ಪಕ್ಕದ ಕುರ್ಚಿಯಿಂದ ಟೈಪಿಸ್ಟ್ ಆಂಟಿಯ ಎಡಗಾಲು ಬಂತು, ಚಪ್ಪಲಿ ಬಿಟ್ಟು. ಗಂಟೆ ಹೊಡೆದ ಕೂಡಲೇ ಕಳ್ಳ ಪಿಸ್ತೂಲಿನ ಹಿಡಿಯಿಂದ ಅವರ ಕಿವಿಗೆ ಬಾರಿಸಿ ಓಡಿದ. ಅವರು ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಾಗ ಮ್ಯಾನೇಜರ್ ಸಾಹೇಬರು "ಒತ್ತಿದ್ದು ನೀವೇನಾ?" ಅಂತ ನನ್ನ ಕೇಳಿದರು. ನಾನು ಹೌದು ಅಂತ ತಲೆ ಆಡಿಸಿದೆ. ಅವರಿಗೆ ಎಚ್ಚರವಾಗೋ ಹೊತ್ತಿಗೆ ನನಗೆ ಬಡ್ತಿ ಬಂದಾಗಿತ್ತು. ಅವರು ಬಾಯಿಬಿಡಲಿಲ್ಲ. ಆ ಸುಳ್ಳನ್ನೇ ನಿನಗೆ ತುತ್ತು ತಿನ್ನಿಸುವಾಗೆಲ್ಲ ಕಥೆ ಮಾಡಿ ಹೇಳಿದೆ.

ಮೊನ್ನೆ ಅವರು ಫೋನಿನಲ್ಲಿ ಅಂದರು, "ಎಡಗಾಲು ಅನ್ನೋದನ್ನೂ ಮರೀದೆ ಮಗಳಿಗೆ ಕಲಿಸಿದ್ದೀರಲ್ಲ."

ಅವರ ವಿಳಾಸ ಹಿಂದುಗಡೆ ಬರೆದಿದ್ದೇನೆ. ಭಾನುವಾರ ಅವರನ್ನು ಕರಿ. ಎಡಗಡೆ ನಿಂತು ಮಾತಾಡಿಸು, ಬಲಗಿವಿ ಅವತ್ತಿನಿಂದ ಕೇಳಿಸೋದಿಲ್ಲ.