ಬರಬ್ಬನ ಗಡ್ಡಕ್ಕೆ ಆರನೇ ನಂಬರು

ಜನವರಿ 5, ಭಾನುವಾರ

ಬೆಳಗಿನ ಸುತ್ತು ಮುಗಿಯಿತು. ಇಪ್ಪತ್ತೆರಡು ಸಿಲಿಂಡರ್ ಇಳಿಸಿದೆ. ಬೀದಿಬೀದಿಯಲ್ಲಿ ‘ಗ್ಯಾ...ಸ್’ ಎಂದು ಕೂಗಿದ್ದಕ್ಕೆ ಉತ್ತರ ಒಂದೇ — “ಬಂದೆ ಬರಬ್ಬ, ನಿಲ್ಲು!” ನಿಕಾಂದ್ರೊ ಎಂಬ ನನ್ನ ಹೆಸರು ಊರಿಗೆ ಮರೆತೇಹೋಗಿದೆ. ಈಸ್ಟರ್ ಹಿಂದಿನ ಪವಿತ್ರ ವಾರದ ನಾಟಕದಲ್ಲಿ ಒಂಬತ್ತು ವರ್ಷದಿಂದ ಡಕಾಯಿತ ಬರಬ್ಬ ನಾನೇ. ಯೇಸುವನ್ನು ಶಿಲುಬೆಗೆ ಕಳಿಸಿ ನನ್ನನ್ನು ಬಿಡುತ್ತಾರೆ. ಜನ ಕಿತ್ತಳೆ ಸಿಪ್ಪೆ ಎಸೆಯುತ್ತಾರೆ. ಇವತ್ತು ಪೂಜೆಯಲ್ಲಿ ಪಾದ್ರಿ ಕೂಡ ಪ್ರಸಾದ ಕೊಡುತ್ತಾ “ತಗೋ ಬರಬ್ಬ” ಅಂದುಬಿಟ್ಟರು. ಮೈಯೆಲ್ಲ ಉರಿದುಹೋಯಿತು.

ಈ ಸಲ ಯೇಸುವಿನ ಶಿಷ್ಯ ಸಂತ ಪೇತ್ರನ ಪಾತ್ರ ಬೇಕು. ಬೇಕೇ ಬೇಕು. ಆಯ್ಕೆ ಫೆಬ್ರವರಿ ಎರಡಕ್ಕೆ, ಮೇಣದಬತ್ತಿ ಹಬ್ಬದ ದಿನ. ನಾಟಕ ಸಮಿತಿಯ ಹಿರಿಯಮ್ಮ ದೋನ್ಯಾ ಎರ್ಲಿಂದಾ ಕಡ್ಡಿ ಮುರಿದಂತೆ ಹೇಳಿದ್ದಾರೆ: “ಅಂಟಿಸಿದ ಗಡ್ಡ ನಡಿಯಲ್ಲ. ಪೇತ್ರನಿಗೆ ಗಿಡ್ಡ, ದುಂಡು, ಒಪ್ಪವಾದ ಗಡ್ಡ ಬೇಕು. ನಿಂದು ಪೊದೆ ಕಣಪ್ಪಾ!”

ಪೊದೆ ಕತ್ತರಿಸುವವರು ಯಾರು? ಊರಿಗೆ ಕ್ಷೌರಿಕ ಒಬ್ಬನೇ, ದೋನ್ ವುಲ್ಫ್ರಾನೊ. ಹದಿನಾಲ್ಕು ವರ್ಷದಿಂದ ಪೇತ್ರನೂ ಆತನೇ! ಹೋದ ವರ್ಷ ಆಯ್ಕೆಯ ಹಿಂದಿನ ದಿನ ಆತನ ಕುರ್ಚಿಯಲ್ಲಿ ಕೂತೆ. ಎದ್ದಾಗ ಎಡಗಡೆ ಮೀಸೆ ಅರ್ಧ. “ಕೈ ಜಾರ್ತು” ಅಂದ. ಜಾರಿತಂತೆ.

ಮನೆಯಲ್ಲೇ ಮಾಡಿಕೊಳ್ಳುತ್ತೇನೆ.

ಜನವರಿ 7, ಮಂಗಳವಾರ

ಸಂತೆಯಲ್ಲಿ ಟ್ರಿಮ್ಮರ್ ಕೊಂಡೆ. ಬಂಗಾರದ ಬಣ್ಣ, ಮೇಲೆ ತಲೆಬುರುಡೆಯ ಚಿತ್ರ. ಮಾರುವವನು “ಸಿಂಹದ ಜೂಲನ್ನೂ ಕತ್ತರಿಸುತ್ತೆ ಅಣ್ಣಾ” ಅಂದಿದ್ದ. ಕತ್ತರಿಸಲಿಲ್ಲ, ಕಿತ್ತಿತು. ಕಣ್ಣಲ್ಲಿ ನೀರು. ಮಾರಿಸೇಲಾ ಹೊಲಿಗೆ ಮೆಷಿನ್ ನಿಲ್ಲಿಸಿ ಬಿದ್ದುಬಿದ್ದು ನಕ್ಕಳು. “ಹೆಂಡತಿ ಹೊಲಿಯೋಳು, ದಿನಾ ಕತ್ತರಿ ಹಿಡಿಯೋಳು. ಬ್ಲೇಡ್ ವಿಷಯ ಅವಳನ್ನ ಕೇಳ್ಬೇಕು ಅಂತ ಹೊಳೀಲಿಲ್ವಾ ನಿಂಗೆ?”

ಹೊಳೆಯಲಿಲ್ಲ.

ಜನವರಿ 11, ಶನಿವಾರ

ಇಬ್ಬರೂ ಬಸ್ಸು ಹತ್ತಿ ಪಟ್ಟಣದ ದೊಡ್ಡ ಅಂಗಡಿಗೆ ಹೋದೆವು. ಮಾರಿಸೇಲಾ ಬಣ್ಣ ನೋಡಲೇ ಇಲ್ಲ. ಬ್ಲೇಡ್ ಬಿಚ್ಚಿ ತೊಳೆಯಬಹುದೇ, ಎಣ್ಣೆ ಬಿಡಬಹುದೇ, ಚಾರ್ಜ್ ಮುಗಿದರೆ ವೈರಿನಲ್ಲಿ ಓಡುತ್ತದೆಯೇ — ಬರೀ ಇಂಥವೇ ಪ್ರಶ್ನೆ. ತನ್ನ ಮೊಣಕೈ ಕೆಳಗಿನ ಕೂದಲ ಮೇಲೆ ಓಡಿಸಿ ನೋಡಿಯೇಬಿಟ್ಟಳು. ಕೊನೆಗೆ ಆರಿಸಿದ್ದು ಕಪ್ಪಗಿನ ಸಾದಾ ಒಂದು. ಜೊತೆಗೆ ಬ್ಲೇಡಿನ ಮೇಲೆ ಸಿಕ್ಕಿಸುವ ಮೂರು, ಆರು, ಒಂಬತ್ತು ನಂಬರಿನ ಬಾಚಣಿಗೆ. ಎಷ್ಟು ಮಿಲಿಮೀಟರ್ ಗಡ್ಡ ಉಳಿಯಬೇಕೋ ಅಷ್ಟು ನಂಬರು.

ಅಂಗಡಿಯಾಕೆ ಹೇಳಿದ್ದು: “ಗಡ್ಡ ಒಣಗಿರ್ಲಿ. ದೊಡ್ಡ ನಂಬರಿಂದ ಶುರು ಮಾಡಿ. ಬಾಚಣಿಗೆ ಕೂತಾಗ ಕಟ್ ಅಂತ ಸದ್ದು ಬರ್ಬೇಕು. ಬರದೆ ಕೈ ಹಚ್ಬೇಡಿ.”

ಜನವರಿ 12, ಭಾನುವಾರ, ಸಂಜೆ 5

ಅಯ್ಯೋ ದೇವರೇ.

ಒಂಬತ್ತನೇ ನಂಬರು ಚೆನ್ನಾಗಿಯೇ ಹೋಯಿತು. ಪೊದೆ ಹೋಗಿ ಮುಖ ಕಂಡಿತು. ಹುರುಪು ಬಂತು. ಕನ್ನಡಿ ಮುಂದೆ, ಪೇತ್ರ ಹೆದರಿ ಯೇಸುವನ್ನು ಮೂರು ಸಲ ಅಲ್ಲಗಳೆಯುವ ಮಾತನ್ನೂ ಅಭ್ಯಾಸ ಮಾಡುತ್ತಾ ಆರನೇ ನಂಬರು ಸಿಕ್ಕಿಸಿದೆ. “ಆ ಮನುಷ್ಯ ಯಾರೋ ನಂಗೆ ಗೊತ್ತೇ ಇಲ್ಲ!” — ಗ್ಯಾಸ್ ಕೂಗುವ ಗಂಟಲು. ಆ ಅಬ್ಬರದಲ್ಲಿ ಕಟ್ ಎಂಬ ಸದ್ದು ಬಂತೋ ಇಲ್ಲವೋ ಕೇಳುವುದೆಲ್ಲಿ. ಎರಡನೇ ಸಲ “ಗೊತ್ತೇ ಇಲ್ಲ” ಅನ್ನುವಾಗ ಬಾಚಣಿಗೆ ಕಳಚಿ ಬೇಸಿನ್ನಿಗೆ ಬಿತ್ತು. ಬಲಗೆನ್ನೆಯಲ್ಲಿ ಎರಡು ಬೆರಳಗಲ ಬೋಳು.

ಎಲ್ಲಾ ಮುಗಿಯಿತು.

ಜನವರಿ 18, ಶನಿವಾರ

ಐದು ದಿನ ಬರೆಯಲಿಲ್ಲ. ಮುಖಕ್ಕೆ ಮಫ್ಲರ್ ಸುತ್ತಿಕೊಂಡೇ ಗ್ಯಾಸ್ ಮಾರಿದೆ. ಹಲ್ಲುನೋವು ಅಂದೆ. ಮೂರು ಮನೆಯವರು ಲವಂಗ ಕೊಟ್ಟರು.

ಪೂರ್ತಿ ಬೋಳಿಸಿಬಿಡುತ್ತೇನೆ ಅಂತ ಇವತ್ತು ಟ್ರಿಮ್ಮರ್ ಎತ್ತಿಕೊಂಡಿದ್ದೆ. ಮಾರಿಸೇಲಾ ಕಿತ್ತುಕೊಂಡಳು. “ಕೂತ್ಕೋ ಮಾರಾಯ.” ಹೊಲಿಗೆಯ ಟೇಪು ತಂದು ಬೋಳಿನ ಮೇಲಿಟ್ಟಳು. ಎರಡು ಮಿಲಿಮೀಟರ್ ದಾಟಿದೆ! “ಇನ್ನೂ ಹದಿನೈದು ದಿನ ಇದೆ. ಆಯ್ಕೆ ಹೊತ್ತಿಗೆ ಇದು ಆರು ದಾಟುತ್ತೆ. ಅವತ್ತು ಎಲ್ಲಾನೂ ಆರಕ್ಕೆ ಇಳ್ಸು. ಬಟ್ಟೆ ಕಮ್ಮಿ ಬಿದ್ರೆ ಅಂಗಿನೇ ಗಿಡ್ಡ ಮಾಡಲ್ವಾ?”

ಇಂಥ ಹೆಂಡತಿಗೆ ನಾನು ಏನು ಕೊಟ್ಟರೂ ಸಾಲದು.

ಜನವರಿ 25

ಬೋಳಿನ ಅಳತೆ ಐದಕ್ಕೆ ಕೂದಲೆಳೆಯಷ್ಟು ಕಮ್ಮಿ. ಮಾತೆಲ್ಲ ಬಾಯಿಪಾಠ. ಟ್ರಿಮ್ಮರ್ ಮುಟ್ಟಿಲ್ಲ. ಕೈ ತುರಿಸುತ್ತಿದೆ.

ಫೆಬ್ರವರಿ 2, ಬೆಳಿಗ್ಗೆ 7

ಬಾಯಿ ಮುಚ್ಚಿಕೊಂಡು ಆರನೇ ನಂಬರು ಸಿಕ್ಕಿಸಿದೆ. ಕಟ್! ಕೆನ್ನೆಯಲ್ಲಿ ಕೆಳಗಿಂದ ಮೇಲಕ್ಕೆ, ಗಲ್ಲಕ್ಕೆ ಸುತ್ತ. ಬಾಚಣಿಗೆ ತೆಗೆದು ತುಟಿಯ ಮೇಲಿನ ಗೆರೆ, ನಡುವಿನಿಂದ ಆಚೆಗೊಮ್ಮೆ, ಈಚೆಗೊಮ್ಮೆ. ಬೋಳು ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು. ಮಾರಿಸೇಲಾ ದೂರ ನಿಂತು ನೋಡಿದಳು, ಹತ್ತಿರ ಬಂದು ನೋಡಿದಳು. “ಅಬ್ಬಾ, ಇವನನ್ನ ನಾನು ಮದುವೆ ಆಗಿದ್ನಾ!”

ಸಂಜೆ 6

ಮನೆಗೆ ಬಂದವನೇ ಬರೆಯಲು ಕೂತೆ.

ಚರ್ಚಿನ ಅಂಗಳ. ಎಲ್ಲರ ಕೈಯಲ್ಲಿ ಹಬ್ಬದ ತಮಾಲೆ, ಮೆಕ್ಕೆಜೋಳದ ಕಡುಬು, ಬಿಸಿ ಆವಿ. ಮೊದಲು ದೋನ್ ವುಲ್ಫ್ರಾನೊ ಮಾತು ಒಪ್ಪಿಸಿದ. ಆಮೇಲೆ ನಾನು. ಮೈಕ್ ಕೊಡಲು ಬಂದರು, ಬೇಡ ಅಂದೆ. ಸಂತೆಯ ಕೊನೆಯವರೆಗೂ ಕೇಳಿಸಿತಂತೆ. ದೋನ್ಯಾ ಎರ್ಲಿಂದಾ ನನ್ನ ಮುಖವನ್ನು ಎರಡೂ ಕಡೆಯಿಂದ ನೋಡಿದರು. “ಗಡ್ಡದ ವಿಷಯ ನಂಗೇನು ಗೊತ್ತು? ದೋನ್ ವುಲ್ಫ್ರಾನೊ, ನೀವೇ ನೋಡಿ.”

ನನ್ನ ಎದುರಾಳಿಯೇ ನ್ಯಾಯ ಹೇಳಬೇಕು!

ಆತ ಹೆಬ್ಬೆರಳಿನಿಂದ ಕಿವಿಯ ಕೆಳಗೆ ಸವರಿದ. ಗಲ್ಲ ಎತ್ತಿ ನೋಡಿದ. ಬಲಗೆನ್ನೆಗೆ ಬಂದು ನಿಂತ.

“ಯಾರು ಮಾಡಿದ್ದು?”

“ನಾನೇ.”

“ಸುಳ್ಳು ಹೇಳ್ಬೇಡ.”

“ಆರನೇ ನಂಬರು, ದೋನ್ ವುಲ್ಫ್ರಾನೊ. ಮನೇಲೇ.”

ಇನ್ನೊಮ್ಮೆ ಹೆಬ್ಬೆರಳಿನಿಂದ ಸವರಿದ. ಆಮೇಲೆ ದೋನ್ಯಾ ಎರ್ಲಿಂದಾ ಕಡೆ ತಿರುಗಿ ಅಂದ: “ಒಂದು ಕೂದಲೂ ಹೆಚ್ಚುಕಮ್ಮಿ ಇಲ್ಲ. ಪೇತ್ರ ಇವನೇ.” ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ — “ಹೋದ ವರ್ಷ ಕೈ ಜಾರಿರ್ಲಿಲ್ಲ ಕಣೋ. ಕ್ಷಮಿಸ್ಬಿಡು.”

ಕ್ಷಮಿಸಿದೆ. ಆ ಕ್ಷಣದಲ್ಲಿ ಊರನ್ನೇ ಕ್ಷಮಿಸಿಬಿಡುವಷ್ಟು ಖುಷಿ ಇತ್ತು. ಗೆದ್ದೆ. ಗೆದ್ದುಬಿಟ್ಟೆ!

ಬೀದಿಯಲ್ಲಿ ಯಾರೋ ಕೂಗುತ್ತಿದ್ದಾರೆ. ಎದುರುಮನೆಯ ಮುದುಕಿ. ಗ್ಯಾಸ್ ಮುಗಿದಿರಬೇಕು. “ಪೇತ್ರಾ! ಓ ಪೇತ್ರಾ! ಒಂದು ಸಿಲಿಂಡರ್ ತಾರಪ್ಪಾ!”

ಬಂದೆ ಅಜ್ಜೀ, ಬಂ—